39 ಯೂನಿಟ್‌ಗಿಂತ ಕೆಳಗೆ ಇಳಿಯಲ್ಲ ಸ್ವಾಮಿ

ಪೀಣ್ಯದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಯಜಮಾನರೊಬ್ಬರು ಕಳೆದ ತಿಂಗಳು ನಮ್ಮ ಲ್ಯಾಬಿಗೆ ಒಂದು ಪ್ಲಾಸ್ಟಿಕ್ ಡಬ್ಬ ಹೊತ್ತು ತಂದರು. ಕರೆಂಟ್ ಹರಿಸಿ ನೀರು ಒಡೆದು ಹೈಡ್ರೋಜನ್ ಗ್ಯಾಸ್ ತೆಗೆಯುವ ಡಬ್ಬ. ಒಳಗೆ ಸಾಲಾಗಿ ನಿಲ್ಲಿಸಿದ ಸ್ಟೇನ್‌ಲೆಸ್ ಸ್ಟೀಲ್ ತಗಡುಗಳು, ಕಾಸ್ಟಿಕ್ ಸೋಡಾ ಕಲಸಿದ ನೀರು, ಮುಚ್ಚಳದಿಂದ ಹೊರಬಂದ ಒಂದೇ ಒಂದು ಪೈಪು.

"ಸಾರ್, ಕ್ಯಾಟಲಿಸ್ಟ್‌ಗೆ ಪ್ಲಾಟಿನಂ ಬೇಡ, ನಿಕಲ್ಲೇ ಸಾಕು ಅಂತ ಪೇಪರಲ್ಲಿ ಬಂದಿದೆ. ಈ ಗ್ಯಾಸಲ್ಲಿ ಜನರೇಟರ್ ಓಡಿಸೋದು, ಅದರ ಕರೆಂಟನ್ನೇ ವಾಪಸ್ ಇದಕ್ಕೆ ಕೊಡೋದು. ಆಯ್ತಲ್ವಾ?"

ಆಗಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇಂಜಿನಿಯರಿಂಗ್ ಓದಿದವರೂ ಇದೇ ಡಬ್ಬ ತರುತ್ತಾರೆ, ಪೇಂಟ್ ಮಾತ್ರ ಚೆನ್ನಾಗಿರುತ್ತದೆ. ಕ್ಯಾಟಲಿಸ್ಟ್‌ಗೆ ಶಾಲೆಯ ಪುಸ್ತಕದಲ್ಲಿ 'ವೇಗವರ್ಧಕ' ಅಂತ ಹೆಸರಿದೆ. 'ಶಕ್ತಿವರ್ಧಕ' ಅಂತ ಯಾರೂ ಬರೆದಿಲ್ಲ.

ಮಂಗಳೂರಿನಿಂದ ಸಕಲೇಶಪುರಕ್ಕೆ ಹೋಗಬೇಕು ಅಂತಿಟ್ಟುಕೊಳ್ಳಿ. ಊರು ಸಮುದ್ರಕ್ಕಿಂತ 900 ಮೀಟರಿಗೂ ಮೇಲಿದೆ. ಕೆಟ್ಟ ರಸ್ತೆಯಾದರೆ ಸುಮ್ನೆ ಇನ್ನೊಂದು ಗುಡ್ಡ ಹತ್ತಿಸಿ, ಇಳಿಸಿ ಕರೆದುಕೊಂಡು ಹೋಗುತ್ತದೆ. ಒಳ್ಳೆಯ ರಸ್ತೆ ಆ ಗುಡ್ಡವನ್ನು ತಪ್ಪಿಸುತ್ತದೆ. ಆದರೆ ಎಂಥ ರಸ್ತೆ ಮಾಡಿದರೂ ಸಕಲೇಶಪುರ ಕೆಳಗಿಳಿದು ಬರುತ್ತದಾ? ಕ್ಯಾಟಲಿಸ್ಟ್ ಅಂದರೆ ರಸ್ತೆ. ಊರಿನ ಎತ್ತರ ಅದರ ಕೈಯಲ್ಲಿಲ್ಲ.

ಆ ಎತ್ತರ ಇಷ್ಟು: ಒಂದು ಕಿಲೋ ಹೈಡ್ರೋಜನ್‌ಗೆ 9 ಲೀಟರ್ ನೀರು ಒಡೆಯಬೇಕು, ಅದಕ್ಕೆ 39.4 ಯೂನಿಟ್ ಶಕ್ತಿ ಹೋಗಲೇಬೇಕು. ಹೊರಗಿನಿಂದ ಬಿಸಿ ಕೊಟ್ಟರೆ ಕರೆಂಟಿನ ಪಾಲು ಸ್ವಲ್ಪ ಇಳಿಯಬಹುದು, ಒಟ್ಟು ಮೊತ್ತ ಅಷ್ಟೇ. ಅದೇ ಗ್ಯಾಸನ್ನು ಜನರೇಟರಿನಲ್ಲಿ ಸುಟ್ಟರೆ ಹತ್ತು ಹನ್ನೆರಡು ಯೂನಿಟ್ ವಾಪಸ್ ಬಂದರೆ ಪುಣ್ಯ. ಯಜಮಾನರ ಅಂಗಡಿಯಲ್ಲಿ ಯಾರಾದರೂ 39 ರೂಪಾಯಿ ಮಾಲಿಗೆ 12 ರೂಪಾಯಿ ಕೊಟ್ಟರೆ ಬಿಡುತ್ತಿದ್ದರಾ?

ಹಾಗಾದರೆ ನಮ್ಮಂಥವರು ಇಡೀ ದಿನ ಏನು ಮಾಡುತ್ತೇವೆ? ಒಂದು ಕಿಲೋಗೆ ಸುಮಾರು 26,600 ಎಎಚ್ (ಆಂಪಿಯರ್-ಅವರ್) ಕರೆಂಟ್ ಹರಿಯಬೇಕು. ಯುಪಿಎಸ್ ಬ್ಯಾಟರಿ ಮೇಲೆ 150 ಎಎಚ್ ಅಂತ ಬರೆದಿರುತ್ತದಲ್ಲ, ಅದೇ ಎಎಚ್. ಇದೂ ಬದಲಾಗುವುದಿಲ್ಲ. ಬದಲಾಗುವುದು ವೋಲ್ಟ್ ಮಾತ್ರ. 1.48 ವೋಲ್ಟಿನಲ್ಲಿ ನಡೆದರೆ ಸರಿಯಾಗಿ 39.4 ಯೂನಿಟ್. ನಿಜವಾದ ಯಂತ್ರಗಳು 1.8ರಿಂದ 2 ವೋಲ್ಟ್ ತಿನ್ನುತ್ತವೆ, ಅಂದರೆ 48ರಿಂದ 53 ಯೂನಿಟ್. ನಮ್ಮ ಜಗಳವೆಲ್ಲ ಈ ನಡುವಿನ ಜಾಗದಲ್ಲಿ. 0.1 ವೋಲ್ಟ್ ಉಳಿಸಿದರೆ ಕಿಲೋಗೆ 2.7 ಯೂನಿಟ್ ಉಳಿಯಿತು. ಕಾರ್ಖಾನೆಗೆ ಅದು ದೊಡ್ಡ ಮೊತ್ತವೇ.

ಇನ್ನು ನಿಕಲ್. ಅದು ಹೊಸದೇನಲ್ಲ, ಕ್ಷಾರದ ನೀರಿನಲ್ಲಿ ನಡೆಯುವ ಯಂತ್ರಗಳಲ್ಲಿ ದಶಕಗಳಿಂದ ಇದೆ. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲೇ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರು ಒಡೆದು ಗೊಬ್ಬರ ಮಾಡುತ್ತಿದ್ದರು. ತೊಂದರೆ ಇರುವುದು ಆಮ್ಲದ ಪೊರೆ ಹಾಕಿದ ಯಂತ್ರಗಳಲ್ಲಿ. ಅಲ್ಲಿ ಆಮ್ಲಜನಕ ಬರುವ ಕಡೆ ನಿಕಲ್ ಕರಗಿಹೋಗುತ್ತದೆ, ಇರಿಡಿಯಂ ಅನ್ನುವ ಅಪರೂಪದ ಲೋಹವೇ ಬೇಕು. ಅದು ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಹತ್ತು ಟನ್ನೂ ಸಿಗುವುದಿಲ್ಲ, ಅದರಲ್ಲೂ ಹೆಚ್ಚಿನದು ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಿಂದ. ಅಗ್ಗದ ಕ್ಯಾಟಲಿಸ್ಟ್ ನಿಜವಾಗಿ ಬೇಕಾಗಿರುವುದು ಅಲ್ಲಿ.

'ಅಗ್ಗದ್ದು ಸಿಕ್ಕಿತು' ಅನ್ನುವ ಸುದ್ದಿಯನ್ನೂ ನಾನು ಎರಡು ಸಲ ಓದುತ್ತೇನೆ. ನಮ್ಮ ವಿದ್ಯಾರ್ಥಿನಿಯೊಬ್ಬಳ ಕ್ಯಾಟಲಿಸ್ಟ್ ದಿನದಿಂದ ದಿನಕ್ಕೆ ಚುರುಕಾಗುತ್ತಿತ್ತು. ಲ್ಯಾಬಿಗೆಲ್ಲ ಮೈಸೂರ್ ಪಾಕ್ ಹಂಚಿದ್ದೂ ಆಯಿತು. ಆಮೇಲೆ ನೋಡಿದರೆ, ಕರೆಂಟಿನ ಇನ್ನೊಂದು ತುದಿಗೆ ಹಾಕಿದ್ದ ಪ್ಲಾಟಿನಂ ತಂತಿ ಚೂರುಚೂರೇ ಕರಗಿ ಅವಳ ಕ್ಯಾಟಲಿಸ್ಟಿನ ಮೇಲೆ ಕೂರುತ್ತಿತ್ತು. ಆ ಚುರುಕು ಪ್ಲಾಟಿನಂದು. ತಂತಿಯ ಬದಲು ಗ್ರಾಫೈಟ್ ಕಡ್ಡಿ ಹಾಕಿದ ದಿನ ಚುರುಕೆಲ್ಲ ಇಳಿಯಿತು. ಹುಡುಗಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ತಪ್ಪು ಹಿಡಿದವಳೂ ಅವಳೇ, ಅದಕ್ಕೇ ನನಗೆ ಅವಳ ಮೇಲೆ ನಂಬಿಕೆ ಜಾಸ್ತಿ.

ಯಜಮಾನರ ತಗಡುಗಳಿಗೆ ಮಾತ್ರ ಶಹಬ್ಬಾಸ್ ಅಂದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಬ್ಬಿಣವೂ ಇದೆ, ಬಹಳಷ್ಟು ಬಗೆಗಳಲ್ಲಿ ನಿಕಲ್ಲೂ ಇದೆ. ನಿಕಲ್ಲಿಗೆ ಚೂರು ಕಬ್ಬಿಣ ಸೇರಿದರೆ ಆಮ್ಲಜನಕದ ಕಡೆ ಕೆಲಸ ಎಷ್ಟೋ ಸಲೀಸು. ಅವರಿಗೆ ಗೊತ್ತಿಲ್ಲದೆಯೇ ಒಳ್ಳೆಯದನ್ನು ಆರಿಸಿದ್ದರು. ಆದರೆ ನೀರು ಹಳದಿಯಾಗಿತ್ತು. ಟೆಸ್ಟ್ ಮಾಡದೆ ಖಚಿತ ಹೇಳಲಾರೆ, ಸ್ಟೀಲಿನ ಕ್ರೋಮಿಯಂ ಬಿಟ್ಟುಕೊಂಡಿರುವ ಸಾಧ್ಯತೆಯೇ ಹೆಚ್ಚು. ಅದು ವಿಷ. ಮೋರಿಗೆ ಚೆಲ್ಲಬೇಡಿ ಅಂತ ಹೇಳಿ ಡಬ್ಬವನ್ನು ನಾವೇ ಇಟ್ಟುಕೊಂಡೆವು. ಅದಕ್ಕಿಂತ ಭಯವಾಗಿದ್ದು ಆ ಒಂದೇ ಪೈಪು. ಹೈಡ್ರೋಜನ್, ಆಮ್ಲಜನಕ ಎರಡೂ ಬೆರೆತು ಒಂದರಲ್ಲೇ ಬರುತ್ತಿದ್ದವು. ಅದಕ್ಕೆ ಬೆಂಕಿಕಡ್ಡಿಯೇ ಬೇಕಾಗಿಲ್ಲ, ಸ್ವಿಚ್ಚಿನ ಕಿಡಿ ಸಾಕು. ಇದ್ದದ್ದು ವೆಲ್ಡಿಂಗ್ ಶಾಪಿನಲ್ಲಿ ಬೇರೆ!

ಹೋದ ವಾರ ಫೋನ್ ಮಾಡಿದ್ದರು. "ಸಾರ್, ಚಾವಣಿ ಮೇಲೆ ಸೋಲಾರ್ ಹಾಕಿಸ್ತೀನಿ. ಆಗ 39 ಕಮ್ಮಿ ಆಗುತ್ತಾ?"

"39 ಕಮ್ಮಿ ಆಗಲ್ಲ, ಬಿಲ್ಲು ಆಗಬಹುದು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಪೈಪಿನ ಡಬ್ಬ ಹೇಗೆ ಮಾಡೋದು ಅಂತ ಕೇಳಿದರು.