ಎಪ್ಪತ್ತರ ದೇಹಕ್ಕೆ ಚಿಟಿಕೆ ಸತು

ಎದೆಮೂಳೆಯ ಹಿಂದೆ, ಹೃದಯಕ್ಕೆ ತುಸು ಮೇಲೆ ಥೈಮಸ್ ಎಂಬ ಗ್ರಂಥಿಯಿದೆ. ಟಿ-ಜೀವಕೋಶಗಳೆಂಬ ಬಿಳಿರಕ್ತಕಣಗಳಿಗೆ ಅದೇ ಗರಡಿಮನೆ. ನಮ್ಮವರಾರು, ಹೊರಗಿನವರಾರು ಎಂದು ಅವು ಕಲಿಯುವುದು ಅಲ್ಲೇ. ಹರೆಯ ಬಂದ ಮೇಲೆ ಈ ಗರಡಿ ಬರಿದಾಗುತ್ತ ಹೋಗಿ ಆ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಎಪ್ಪತ್ತು ದಾಟಿದ ದೇಹ ಬಹುಪಾಲು ಹಳೆಯ ಜಟ್ಟಿಗಳನ್ನೇ ನೆಚ್ಚಿಕೊಂಡಿರುತ್ತದೆ. ಕಂಡರಿಯದ ವೈರಾಣು ಬಂದರೆ ಅದು ತಡವರಿಸುವುದಕ್ಕೆ, ಲಸಿಕೆ ಹಾಕಿದರೂ ಎಳೆಯರಷ್ಟು ಫಲ ಸಿಗದಿರುವುದಕ್ಕೆ ಇದೂ ಒಂದು ಕಾರಣ.

‘ನಮ್ಮ ವಂಶವೇ ಗಟ್ಟಿ’ ಎನ್ನುವವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು 210 ಅವಳಿಗಳ ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯ 204 ಅಂಶಗಳನ್ನು ಅಳೆದು 2015ರಲ್ಲಿ ಪ್ರಕಟಿಸಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಅಂಶಗಳಲ್ಲಿ ವಂಶವಾಹಿಗಿಂತ ಬದುಕಿನ ಪ್ರಭಾವವೇ ಜೋರಾಗಿತ್ತು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಷ್ಟೇ ಸೈಟೊಮೆಗಾಲೊ ಎಂಬ ಸಾಮಾನ್ಯ ವೈರಾಣು ತಗುಲಿದ್ದರೆ ಸಾಕು, ಅರ್ಧಕ್ಕಿಂತ ಹೆಚ್ಚು ಅಳತೆಗಳು ಏರುಪೇರಾಗಿದ್ದವು! ಹಾಗಂತ ವಂಶವಾಹಿಗಳಿಗೆ ಕೆಲಸವೇ ಇಲ್ಲ ಎಂದಲ್ಲ. ಅಜ್ಜನ ಆಯುಸ್ಸನ್ನು ನಂಬಿ ತಟ್ಟೆಯನ್ನು ಮರೆಯಬಾರದು, ಅಷ್ಟೆ.

ತಟ್ಟೆಯ ಮಾತಿಗೆ ಬಂದರೆ ಸತುವಿನ (ಜಿಂಕ್) ಕಥೆಯೇ ಸೊಗಸು. ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಒಬ್ಬ ರೋಗಿಯನ್ನು ಕಂಡರು. ವಯಸ್ಸು 21, ನೋಡಲು 10ರ ಹುಡುಗ. ತಿನ್ನುತ್ತಿದ್ದುದು ಹೆಚ್ಚಾಗಿ ಗೋಧಿ ರೊಟ್ಟಿ. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಹಿಡಿದಿಟ್ಟು ಕರುಳಿಗೆ ದಕ್ಕದಂತೆ ಮಾಡುತ್ತದೆ. ಮನುಷ್ಯರಲ್ಲೂ ಸತುವಿನ ಕೊರತೆ ಉಂಟೆಂದು ಜಗತ್ತಿಗೆ ತಿಳಿದದ್ದು ಈ ಜಾಡಿನಿಂದ. ಟಿ-ಜೀವಕೋಶಗಳನ್ನು ಪಳಗಿಸಲು ನೆರವಾಗುವ, ಥೈಮಸ್ಸಿನ ಥೈಮುಲಿನ್ ಹಾರ್ಮೋನು ಸತು ಕೂಡಿಕೊಳ್ಳದೆ ಕೆಲಸವನ್ನೇ ಮಾಡದು.

ಪ್ರಸಾದರ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 55ರಿಂದ 87 ವಯಸ್ಸಿನ 50 ಮಂದಿ ಇದ್ದರು. ವರ್ಷವಿಡೀ ದಿನಕ್ಕೆ 45 ಮಿ.ಗ್ರಾಂ. ಸತು ತೆಗೆದುಕೊಂಡವರಲ್ಲಿ ಶೇ 29 ಮಂದಿಗೆ ಸೋಂಕು ತಗುಲಿತು. ಹುಸಿಮಾತ್ರೆ ನುಂಗಿದವರಲ್ಲಿ ಶೇ 88. ಪ್ರಯೋಗ ಚಿಕ್ಕದು, ಆದರೆ ಅಂತರ ಚಿಕ್ಕದಲ್ಲ.

ಹಲ್ಲು ಬಿದ್ದ ಮೇಲೆ ಬರೀ ಮೆತ್ತನ್ನ, ತಿಳಿಸಾರಿಗೆ ಇಳಿದ ಹಿರಿಯರಿಗೆ ಸತುವೂ ಕಮ್ಮಿ, ಪ್ರೋಟೀನೂ ಕಮ್ಮಿ. ರಾಗಿಯಲ್ಲೂ ಫೈಟೇಟ್ ಇದೆ. ನೆನೆಸಿ, ಮೊಳಕೆ ಕಟ್ಟಿ, ಹುರಿದು ಬೀಸಿದರೆ ಅದು ಇಳಿಯುತ್ತದೆ. ಮಗುವಿಗೆಂದು ಮಾಡಿಟ್ಟ ಆ ಹಿಟ್ಟಿನಲ್ಲಿ ಅಜ್ಜಿಗೂ ಒಂದು ಲೋಟ ಅಂಬಲಿ ಕಾಸಬಹುದು. ಮಾತ್ರೆ ಮಾತ್ರ ವೈದ್ಯರನ್ನು ಕೇಳಿಯೇ. ಅಮೆರಿಕದಲ್ಲಿ ವಯಸ್ಕರಿಗೆ ಹಾಕಿರುವ ದಿನದ ಮಿತಿಯೇ 40 ಮಿ.ಗ್ರಾಂ. ಅತಿಯಾದ ಸತು ತಿಂಗಳುಗಟ್ಟಲೆ ಸೇರುತ್ತಿದ್ದರೆ ಕರುಳು ತಾಮ್ರವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ತಾಮ್ರ ಕುಸಿದರೆ, ಯಾವ ಬಿಳಿರಕ್ತಕಣಗಳಿಗಾಗಿ ಮಾತ್ರೆ ನುಂಗಿದ್ದೆವೋ ಅವೇ ಕಡಿಮೆಯಾಗುತ್ತವೆ.