ನೊರೆ ಬಂದರೆ ಮೊದಲು ರೆಗ್ಯುಲೇಟರ್ ಮುಟ್ಟಬೇಡಿ

ಗೋಲಿ ಸೋಡಾದ ಬಾಟಲಿಗೆ ಬಿರಡೆ ಹಾಕಿರುವುದು ಅದರೊಳಗಿನ ಗ್ಯಾಸೇ. ಗೋಲಿಯನ್ನು ಒಳಗಿನಿಂದ ಒತ್ತಿ, ಕುತ್ತಿಗೆಯಲ್ಲಿರುವ ರಬ್ಬರ್ ವಾಷರ್‌ಗೆ ಬಿಗಿಯಾಗಿ ಕೂರಿಸಿರುತ್ತದೆ. ಮನೆಯಲ್ಲಿ ಬಿಯರ್ ತುಂಬಿಡುವ ಕಾರ್ನೀಲಿಯಸ್ ಕೆಗ್ಗಿನ ಮುಚ್ಚಳವೂ ಹೀಗೆಯೇ ಒಳಗಿನಿಂದ ಮೇಲಕ್ಕೆ ಒತ್ತಿಕೊಂಡು ಮುಚ್ಚುತ್ತದೆ. ಈ ಕೆಗ್ ಹುಟ್ಟಿದ್ದೂ ಸೋಡಾದ ಕೆಲಸಕ್ಕೇ. ಅಮೆರಿಕದ ತಂಪು ಪಾನೀಯ ಕಂಪನಿಗಳು ಸಿರಪ್ ಸಾಗಿಸುತ್ತಿದ್ದ 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಸ್ಟೀಲ್ ಡಬ್ಬಿ ಇದು. ಮನೆಬಳಕೆಗೆ ಬಿಯರ್ ತಯಾರಿಸುವುದನ್ನು ಅಲ್ಲಿನ ಕೇಂದ್ರ ಕಾನೂನು ಒಪ್ಪಿದ್ದು 1978ರ ಅಕ್ಟೋಬರ್‌ನಲ್ಲಿ, ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ. ಮುಂದೆ ಸಿರಪ್ ಪ್ಲಾಸ್ಟಿಕ್ ಚೀಲಕ್ಕೆ ಬದಲಾದಾಗ ಹಳೆಯ ಕೆಗ್‌ಗಳು ಅಗ್ಗವಾಗಿ ಈ ಹವ್ಯಾಸಿಗಳ ಪಾಲಾದವು. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸಲು ಅಬಕಾರಿ ಕಾಯ್ದೆ ಬಿಡುವುದಿಲ್ಲ. ಆದರೆ ಬೆಂಗಳೂರಿನ ಮೈಕ್ರೋಬ್ರೂವರಿಯ ನಲ್ಲಿಯ ಹಿಂದೆ ಕೆಲಸ ಮಾಡುವುದೂ ಇದೇ ವಿಜ್ಞಾನ.

ಕೆಗ್ಗಿನೊಳಗೆ ಇಂಗಾಲದ ಡೈಆಕ್ಸೈಡ್ ಒಂದೇ ಒತ್ತಡದಲ್ಲಿ ಮೂರು ಕೆಲಸ ಮಾಡುತ್ತದೆ: ಮುಚ್ಚಳ ಬಿಗಿಯುತ್ತದೆ, ಬಿಯರಿನಲ್ಲಿ ಕರಗುತ್ತದೆ, ಬಿಯರನ್ನು ನಲ್ಲಿಯವರೆಗೆ ತಳ್ಳುತ್ತದೆ. ಒಂದು ಕೆಲಸ ಕೆಟ್ಟಿತೆಂದು ಒತ್ತಡ ಬದಲಿಸಿದರೆ ಉಳಿದೆರಡೂ ಕೆಡುತ್ತವೆ. ಲೋಟದ ತುಂಬ ನೊರೆ ಬಂದ ಕೂಡಲೇ ಕೈ ಸಿಲಿಂಡರಿನಿಂದ ಬರುವ ಗ್ಯಾಸಿನ ಒತ್ತಡ ಹೊಂದಿಸುವ ರೆಗ್ಯುಲೇಟರಿಗೆ ಹೋಗುತ್ತದಲ್ಲ, ತಪ್ಪು ಶುರುವಾಗುವುದು ಅಲ್ಲಿಂದಲೇ.

ಎಷ್ಟು ಗ್ಯಾಸ್ ಕರಗುತ್ತದೆ ಎನ್ನುವುದನ್ನು ನಿರ್ಧರಿಸುವುದು ಒತ್ತಡ ಮತ್ತು ಉಷ್ಣತೆ. ಒತ್ತಡ ಏರಿದಷ್ಟೂ ಹೆಚ್ಚು ಗ್ಯಾಸ್ ಕರಗುತ್ತದೆ ಎಂದು ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿದ. ಬಿಯರ್ ಬೆಚ್ಚಗಾದಷ್ಟೂ ಗ್ಯಾಸನ್ನು ಬಿಟ್ಟುಕೊಡುತ್ತದೆ. ಫ್ರಿಜ್ಜಿನ 3 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ಪಿಎಸ್‌ಐ ಇಟ್ಟರೆ ಬಿಯರ್ ತನ್ನ ಗಾತ್ರದ ಸುಮಾರು ಎರಡೂವರೆ ಪಟ್ಟು ಗ್ಯಾಸನ್ನು ಹೀರುತ್ತದೆ. ಬಹುತೇಕ ಬಿಯರ್‌ಗಳಿಗೆ ಅದೇ ಹದ. ಪಿಎಸ್‌ಐ ಎಂದರೆ ಸ್ಕೂಟರ್ ಟೈರಿಗೆ ಗಾಳಿ ಹಾಕಿಸುವಾಗಿನ ಅಳತೆಯೇ. ಹೀಗೆ ಹದಕ್ಕೆ ಬರಲು ಒಂದರಿಂದ ಎರಡು ವಾರ ಬೇಕು. ಅದೇ ಬಿಯರ್ 10 ಡಿಗ್ರಿಯಲ್ಲಿದ್ದರೆ ಅಷ್ಟೇ ಗ್ಯಾಸ್ ಹಿಡಿದಿಡಲು 19 ಪಿಎಸ್‌ಐ ಹತ್ತಿರ ಬೇಕಾಗುತ್ತದೆ.

ಆ 12 ಪಿಎಸ್‌ಐ ಒತ್ತಡದಲ್ಲೇ ಬಿಯರ್ ನಲ್ಲಿಯಿಂದ ನುಗ್ಗಿದರೆ ಬರೀ ನೊರೆ. ಒತ್ತಡವನ್ನು ದಾರಿಯಲ್ಲೇ ಕರಗಿಸಬೇಕು, ಆ ಕೆಲಸ ಪೈಪಿನದು. 3/16 ಇಂಚು, ಅಂದರೆ 4.8 ಮಿಲಿಮೀಟರ್ ಒಳವ್ಯಾಸದ ಪೈಪು ಮೂರು ಮೀಟರ್ ಉದ್ದವಿದ್ದರೆ ಒಳಗೋಡೆಯ ಘರ್ಷಣೆಗೇ ಒತ್ತಡದ ಬಹುಪಾಲು ಖರ್ಚಾಗಿ ಬಿಯರ್ ಮೆಲ್ಲಗೆ ಇಳಿಯುತ್ತದೆ. ಅಂದ ಕಾಣಲೆಂದು ಪೈಪನ್ನು ಒಂದು ಮೀಟರಿಗೆ ಕತ್ತರಿಸಿದವರಿಗೆ ನೊರೆ ತಪ್ಪಿದ್ದಲ್ಲ. ಆಗ ಒತ್ತಡವನ್ನು 5 ಪಿಎಸ್‌ಐಗೆ ಇಳಿಸಿದರೆ ಮೊದಲ ಕೆಲವು ಲೋಟ ಸರಿ ಬರಬಹುದು. ಆಮೇಲೆ ಕರಗಿದ್ದ ಗ್ಯಾಸ್ ಪೈಪಿನಲ್ಲೇ ಗುಳ್ಳೆಯಾಗಿ ಬೇರ್ಪಟ್ಟು ನೊರೆ ಇನ್ನೂ ಹೆಚ್ಚುತ್ತದೆ, ದಿನ ಕಳೆದಂತೆ ಬಿಯರೂ ಸಪ್ಪೆಯಾಗುತ್ತದೆ. ಉದ್ದದ ಪೈಪು ಹಾಕಿ ಸುರುಳಿ ಸುತ್ತಿ ಫ್ರಿಜ್ಜಿನೊಳಗೇ ಇಡುವುದು ಸರಿಯಾದ ಪರಿಹಾರ.

ಮೊದಲ ಲೋಟದಲ್ಲಿ ಮಾತ್ರ ನೊರೆ ಬಂದರೆ ನಲ್ಲಿಯ ಕಂಬ ಬಿಸಿಯಾಗಿದೆ ಎಂದರ್ಥ. ಫ್ರಿಜ್ಜಿನ ತಂಪುಗಾಳಿಯನ್ನು ಅಲ್ಲಿಗೆ ಊದುವ ಪುಟ್ಟ ಫ್ಯಾನ್ ಸಾಕು. ನಲ್ಲಿಯನ್ನು ಅರ್ಧ ತೆರೆದರೂ ನೊರೆ ಬರುತ್ತದೆ, ಯಾವಾಗಲೂ ಪೂರ್ತಿ ತೆರೆಯಿರಿ. ಇಷ್ಟಾದರೂ ಪ್ರತಿ ಲೋಟವೂ ನೊರೆಯಾದರೆ, ಬಿಯರ್ ಮೇಲೇರುವ ಉದ್ದ ಕೊಳವೆಯ ತಲೆಯಲ್ಲಿರುವ ಚಿಕ್ಕ ಓ-ರಿಂಗ್ ನೋಡಿ. ಅದು ಸೀಳಿದ್ದರೆ ಕೆಗ್ಗಿನ ಮೇಲ್ಭಾಗದ ಗ್ಯಾಸ್ ಅಲ್ಲಿಂದಲೇ ಬಿಯರಿಗೆ ನುಸುಳುತ್ತದೆ. ಹೊರಗೆ ಎಲ್ಲೂ ಸೋರಿಕೆ ಕಾಣದ ಕಾರಣ ಈ ದೋಷ ಜನರನ್ನು ವಾರಗಟ್ಟಲೆ ಸತಾಯಿಸುತ್ತದೆ.

ಒಂದು ಕೆಗ್ಗಿಗೆ ಐದು ಓ-ರಿಂಗ್: ಮುಚ್ಚಳಕ್ಕೊಂದು ದೊಡ್ಡದು, ಗ್ಯಾಸ್ ಮತ್ತು ಬಿಯರ್ ಕನೆಕ್ಟರ್ ಕೂರುವ ಎರಡು ಪೋಸ್ಟ್‌ಗಳಿಗೆ ಎರಡು, ಒಳಗಿನ ಎರಡು ಕೊಳವೆಗಳಿಗೆ ಎರಡು. ಇವುಗಳಿಗೆ ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಬೇಕು. ವ್ಯಾಸಲೀನ್ ಬೇಡ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಹಾಳಾಗುತ್ತದೆ. ಮುಚ್ಚಳ ಹಾಕಿದ ಮೇಲೆ ಒಮ್ಮೆ 30 ಪಿಎಸ್‌ಐ ಕೊಟ್ಟು ಅದನ್ನು ಕೂರಿಸಿ, ಆಮೇಲೆ 12ಕ್ಕೆ ಇಳಿಸಿ. ಇಳಿಸುವಾಗ ಸೇಫ್ಟಿ ವಾಲ್ವ್ ಎತ್ತಿ ಹೆಚ್ಚುವರಿ ಗ್ಯಾಸ್ ಬಿಡಬೇಕು, ಒಳಗೆ ಹೋದ ಗ್ಯಾಸನ್ನು ರೆಗ್ಯುಲೇಟರ್ ವಾಪಸ್ ಎಳೆದುಕೊಳ್ಳುವುದಿಲ್ಲ. ಬಾಲ್ ಲಾಕ್ ಎಂಬ ಬಗೆಯ ಕೆಗ್ಗಿನಲ್ಲಿ ಗ್ಯಾಸ್ ಪೋಸ್ಟಿನ ಬುಡದಲ್ಲಿ ಸಣ್ಣ ಕಚ್ಚು ಇರುತ್ತದೆ. ಅದನ್ನು ಗಮನಿಸದೆ ಬೂದು ಬಣ್ಣದ ಗ್ಯಾಸ್ ಕನೆಕ್ಟರನ್ನು ಬಿಯರ್ ಪೋಸ್ಟಿಗೆ ಬಲವಂತವಾಗಿ ಒತ್ತಿದರೆ ಬಿಚ್ಚಲು ಹರಸಾಹಸ ಬೇಕು.

ಸಿಲಿಂಡರಿನ ಮೀಟರ್ ನಂಬಬೇಡಿ. ಒಳಗೆ ಇರುವುದು ದ್ರವ, ಅದರ ಕೊನೆಯ ಹನಿ ಆವಿಯಾಗುವವರೆಗೂ ಮುಳ್ಳು ಒಂದೇ ಕಡೆ ನಿಂತಿರುತ್ತದೆ: 21 ಡಿಗ್ರಿಯಲ್ಲಿ ಸುಮಾರು 850 ಪಿಎಸ್‌ಐ, ಫ್ರಿಜ್ಜಿನೊಳಗಾದರೆ 550ರ ಆಸುಪಾಸು. ತೂಕ ಹಾಕಿ, ಕುತ್ತಿಗೆಯ ಬಳಿ ಕೊರೆದಿರುವ ಖಾಲಿ ತೂಕವನ್ನು ಕಳೆಯಿರಿ. ಒಂದು ಕೆಗ್ಗಿಗೆ ಗ್ಯಾಸ್ ತುಂಬಿ ಪೂರ್ತಿ ಬಗ್ಗಿಸಲು 150 ಗ್ರಾಂ ಆಸುಪಾಸು ಸಾಕು. 2.3 ಕಿಲೋ ಸಿಲಿಂಡರ್ ಹತ್ತಕ್ಕೂ ಹೆಚ್ಚು ಕೆಗ್‌ಗಳಿಗೆ ಬರಬೇಕು. ಎರಡು ಮೂರಕ್ಕೇ ಮುಗಿದರೆ ಎಲ್ಲೋ ಸೋರುತ್ತಿದೆ. ಪ್ರತಿ ಜೋಡಣೆಗೂ ಸಾಬೂನು ನೀರು ಸಿಂಪಡಿಸಿ ಗುಳ್ಳೆ ನೋಡಿ. ಸಿಲಿಂಡರ್ ಮತ್ತು ರೆಗ್ಯುಲೇಟರ್ ನಡುವಿನ ನೈಲಾನ್ ವಾಷರನ್ನು ಪ್ರತಿ ಸಲ ಸಿಲಿಂಡರ್ ಬದಲಿಸುವಾಗ ಹೊಸದು ಹಾಕಿ. ಸೋರಿಕೆ ಎಂದರೆ ಬರೀ ದುಡ್ಡಿನ ನಷ್ಟವಲ್ಲ. 2.3 ಕಿಲೋ ದ್ರವ ಗ್ಯಾಸಾದರೆ 1,200 ಲೀಟರಿಗೂ ಹೆಚ್ಚು. 20 ಘನ ಮೀಟರಿನ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯ ಶೇ 6ರಷ್ಟಾಗುತ್ತದೆ, ಶೇ 4ಕ್ಕೇ ಜೀವಕ್ಕೆ ಅಪಾಯ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಈ ಗ್ಯಾಸ್ ನೆಲಮಾಳಿಗೆಯ ತಳದಲ್ಲಿ ತಂಗುತ್ತದೆ. ಅಂಥ ಕಡೆ ಅಲಾರಂ ಹಾಕಿಸಲೇಬೇಕು.

ಇನ್ನು ಕೊಳೆ. ಬೆಣ್ಣೆಯ ಇಲ್ಲವೇ ಹುಳಿ ವಾಸನೆ ಒಂದೇ ಕೆಗ್ಗಿನಲ್ಲಿ ಬಂದರೆ ಕೆಗ್ ತಪ್ಪು, ಎಲ್ಲದರಲ್ಲೂ ಬಂದರೆ ಪೈಪಿನದು. ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್ ಬ್ಯಾಕ್ಟೀರಿಯಾಗಳು ಪೈಪಿನೊಳಗೆ ಲೋಳೆ ಕಟ್ಟಿಕೊಂಡು ಬದುಕುತ್ತವೆ. ವಿನೆಗರ್ ಮಾಡುವ ಅಸಿಟೋಬ್ಯಾಕ್ಟರ್‌ಗೆ ಗಾಳಿ ಬೇಕು, ಅದು ನಲ್ಲಿಯ ಬಾಯಲ್ಲೇ ಬೀಡುಬಿಡುತ್ತದೆ. 14 ದಿನಕ್ಕೊಮ್ಮೆ, ಶೇ 2ರ ಕಾಸ್ಟಿಕ್ ಕ್ಲೀನರನ್ನು 27ರಿಂದ 43 ಡಿಗ್ರಿ ಬಿಸಿಯಲ್ಲಿ ಪಂಪಿನಿಂದ 15 ನಿಮಿಷ ಸುತ್ತಿಸಿ, ನಲ್ಲಿಯನ್ನು ಬಿಚ್ಚಿ ಬ್ರಷ್ ಹಾಕಿ. ಕೈಗವಸು, ಕನ್ನಡಕ ಕಡ್ಡಾಯ. ಆಮೇಲೆ ಪಿಎಚ್ ಕಾಗದಕ್ಕೆ ಒಳಹೋಗುವ ನೀರೂ ಹೊರಬರುವ ನೀರೂ ಒಂದೇ ಬಣ್ಣ ತೋರುವವರೆಗೆ ತಣ್ಣೀರು ಹಾಯಿಸಬೇಕು. ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವಂತೆ ಇಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಕಟ್ಟುತ್ತದೆ. ಅದು ಕಾಸ್ಟಿಕ್‌ಗೆ ಜಗ್ಗುವುದಿಲ್ಲ, ಮೂರು ತಿಂಗಳಿಗೊಮ್ಮೆ ಆಮ್ಲದ ಕ್ಲೀನರ್ ಬೇಕು. ಎರಡನ್ನೂ ಯಾವತ್ತೂ ಬೆರೆಸಬೇಡಿ. ಬ್ಲೀಚಿನಿಂದ ಸ್ಟೀಲಿನಲ್ಲಿ ಸಣ್ಣ ಕುಳಿಗಳು ಬೀಳುತ್ತವೆ, ಅದನ್ನು ಕೆಗ್ಗಿನ ಹತ್ತಿರ ತರದಿರುವುದೇ ಲೇಸು.

ಖಾಲಿ ಕೆಗ್ ತೆರೆಯುವ ಮುನ್ನ ಸೇಫ್ಟಿ ವಾಲ್ವ್ ಎತ್ತಿ ಗ್ಯಾಸ್ ಪೂರ್ತಿ ಬಿಡಿ. ತೊಳೆದು ಸ್ಯಾನಿಟೈಸರ್ ಆಡಿಸಿದ ಮೇಲೆ ಮುಚ್ಚಿ, 10 ಪಿಎಸ್‌ಐ ತುಂಬಿ ಎತ್ತಿಡಿ. ತಿಂಗಳ ನಂತರ ವಾಲ್ವ್ ಎತ್ತಿದಾಗ ಉಸ್ಸೆಂದರೆ ಕೆಗ್ ಹೊರಗೆ ಸೋರುತ್ತಿಲ್ಲ, ಹೊಸ ಬಿಯರ್ ತುಂಬಬಹುದು. ಸದ್ದೇ ಬಾರದಿದ್ದರೆ ಸಾಬೂನು ನೀರು ತನ್ನಿ.