ಠಾಣೆಯಲ್ಲಿಟ್ಟ ಚಿನ್ನ ಕಳೆದರೆ ಸರ್ಕಾರ ಹೊಣೆಯೇ? – 300ನೇ ವಿಧಿಯ ಅಧ್ಯಯನ ಟಿಪ್ಪಣಿ

ಸರ್ಕಾರದ ಮೇಲೆ ಸಿವಿಲ್ ದಾವೆ ಹಾಕಬಹುದಾ? ಹಾಕಬಹುದು. ಸಂವಿಧಾನದ 300ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಹೊಣೆ ಎಲ್ಲಿಯವರೆಗೆ ಅನ್ನುವುದನ್ನು ಅದು ಬಿಡಿಸಿ ಹೇಳುವುದಿಲ್ಲ. ಬೇರೆ ಕಾನೂನು ಬರುವ ತನಕ, ಸಂವಿಧಾನಕ್ಕೆ ಮುಂಚೆ ಯಾವ ವಿಷಯಕ್ಕೆ ದಾವೆ ನಡೆಯುತ್ತಿತ್ತೋ ಅದಕ್ಕೇ ಈಗಲೂ ಅನ್ನುತ್ತದೆ. ಹೀಗೆ ಹಿಂದೆ ಹುಡುಕುತ್ತಾ ಹೋದರೆ ಈಸ್ಟ್ ಇಂಡಿಯಾ ಕಂಪನಿಯ ಕಾಲ ಸಿಗುತ್ತದೆ.

1861ರ ಕಲ್ಕತ್ತಾ ಪ್ರಕರಣ ನೋಡಿ. ಸರ್ಕಾರಿ ಹಡಗುಕಟ್ಟೆಯ ಕೆಲಸಗಾರರು ರಸ್ತೆಯಲ್ಲಿ ಭಾರದ ಕಬ್ಬಿಣ ಹೊತ್ತು ಹೋಗುತ್ತಿದ್ದರು. ಅದನ್ನು ಕೆಳಗೆ ಹಾಕಿದ ಸದ್ದಿಗೆ ಗಾಡಿಯ ಕುದುರೆ ಬೆದರಿ ಗಾಯಗೊಂಡಿತು. ಇದು ಯಾವ ವ್ಯಾಪಾರಿಯೂ ಮಾಡಬಹುದಾದ ಕೆಲಸ, ಹಾಗಾಗಿ ಸರ್ಕಾರ ಹೊಣೆ ಅಂತಾಯಿತು. 'ಸಾರ್ವಭೌಮ ಕಾರ್ಯ (ಸರ್ಕಾರ ಮಾತ್ರ ಮಾಡಬಲ್ಲ ಕೆಲಸ), ಇತರ ಕಾರ್ಯ' ಅನ್ನುವ ವಿಂಗಡಣೆ ಬಂದದ್ದು ಇಲ್ಲಿಂದಲೇ. 1962ರ ವಿದ್ಯಾವತಿ ಪ್ರಕರಣದಲ್ಲಿ, ರಿಪೇರಿ ಮುಗಿಸಿ ಬರುತ್ತಿದ್ದ ಸರ್ಕಾರಿ ಜೀಪು ಗುದ್ದಿ ಒಬ್ಬರು ಸತ್ತಾಗಲೂ ರಾಜ್ಯವೇ ಹೊಣೆ ಹೊತ್ತಿತು.

ಕಸ್ತೂರಿಲಾಲ್ ಪ್ರಕರಣವನ್ನು ಮಾತ್ರ ನಿಧಾನವಾಗಿ ಓದಿ. 1947ರಲ್ಲಿ ಮೀರತ್‌ನಲ್ಲಿ ಅಮೃತಸರದ ವ್ಯಾಪಾರಿಯೊಬ್ಬರನ್ನು ಪೊಲೀಸರು ಹಿಡಿದರು. ಅವರ ಬಳಿಯಿದ್ದ ನೂರಕ್ಕೂ ಜಾಸ್ತಿ ತೊಲ ಚಿನ್ನ, ಜೊತೆಗೆ ಬೆಳ್ಳಿ ವಶಕ್ಕೆ ತೆಗೆದುಕೊಂಡರು. ಆಮೇಲೆ ಬೆಳ್ಳಿ ವಾಪಸ್ ಬಂತು. ಚಿನ್ನವನ್ನು ಒಬ್ಬ ಹೆಡ್ ಕಾನ್‌ಸ್ಟೇಬಲ್ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿದ್ದ. ಪೊಲೀಸರು ಚಿನ್ನವನ್ನು ಸರಿಯಾಗಿ ಕಾಯಲಿಲ್ಲ ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ಬಂಧನ, ಜಪ್ತಿ ಸಾರ್ವಭೌಮ ಅಧಿಕಾರದ ಕೆಲಸ ಎಂದು ದಾವೆ ವಜಾ ಮಾಡಿತು. ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಈ ಕಾನೂನು ಸಮಾಧಾನಕರವಾಗಿಲ್ಲ ಎಂದು ಕೋರ್ಟೇ ಹೇಳಿತು. ಸರ್ಕಾರದ ಹೊಣೆಯ ಬಗ್ಗೆ 1960ರ ದಶಕದಲ್ಲಿ ಮಸೂದೆ ಬಂತು, ಆದರೆ ಕಾನೂನಾಗಲಿಲ್ಲ.

ಈಗ ನಮ್ಮದೇ ನಾಡಿನ ಪ್ರಕರಣ ಪಕ್ಕಕ್ಕಿಡಿ: ಬಸವ್ವ ಕೋಂ ದ್ಯಾಮನಗೌಡ ಪಾಟೀಲ ವಿರುದ್ಧ ಮೈಸೂರು ರಾಜ್ಯ, 1977. ಹಳೇ ದಾಖಲೆಗಳಲ್ಲಿ 'ಕೋಂ' ಅಂದರೆ ಇಂಥವರ ಹೆಂಡತಿ ಅಂತ. ಕಳುವಾದ ಒಡವೆ ಸಿಕ್ಕಿತ್ತು. ಆದರೆ ಪೊಲೀಸರ ಕಾವಲು ಕೋಣೆಯ ಪೆಟ್ಟಿಗೆಯಿಂದಲೇ ಮತ್ತೆ ಕಾಣೆಯಾಯಿತು! ಈ ಸಲ ರಾಜ್ಯ ಅದರ ಬೆಲೆ ಕಟ್ಟಿಕೊಡಬೇಕಾಯಿತು. ಎರಡರಲ್ಲೂ ಕಳೆದದ್ದು ಪೊಲೀಸರ ಕೈಯಲ್ಲಿದ್ದ ಒಡವೆಯೇ, ಅಲ್ವಾ? ವ್ಯತ್ಯಾಸ ಇರುವುದು ದಾರಿಯಲ್ಲಿ. ಕಸ್ತೂರಿಲಾಲ್ ಸಿವಿಲ್ ದಾವೆ. ಬಸವ್ವ ಕೇಳಿದ್ದು ದಂಡ ಪ್ರಕ್ರಿಯಾ ಸಂಹಿತೆಯಡಿ (ಕ್ರಿಮಿನಲ್ ಕೇಸು ನಡೆಸುವ ಕಾನೂನು) ವಸ್ತು ವಾಪಸ್. ಆ ವಸ್ತು ಕೋರ್ಟಿನ ಹತೋಟಿಯಲ್ಲಿತ್ತು. ಪರೀಕ್ಷೆಯ ಸಮಸ್ಯೆ ಪ್ರಶ್ನೆಯಲ್ಲಿ 'ಜಪ್ತಿ' ಕಂಡ ಕೂಡಲೇ ಸುಮ್ನೆ ಕಸ್ತೂರಿಲಾಲ್ ಬರೆಯಬೇಡಿ. ಯಾವ ಕೋರ್ಟಿಗೆ, ಯಾವ ಕಾನೂನಿನಡಿ ಕೇಳಿದ್ದಾರೆ ನೋಡಿ.

ಮೂರನೇ ದಾರಿ ರಿಟ್, ಅಂದರೆ ಮೂಲಭೂತ ಹಕ್ಕಿಗಾಗಿ ನೇರವಾಗಿ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿಗೆ ಹಾಕುವ ಅರ್ಜಿ. 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಪೊಲೀಸ್ ವಶದಲ್ಲಿ ಮಗ ಸತ್ತ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಸಿಕ್ಕಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸಾರ್ವಭೌಮ ರಕ್ಷಣೆಯ ವಾದ ನಡೆಯುವುದಿಲ್ಲ ಎಂದಿತು ಕೋರ್ಟ್.

ದಾವೆಯೇ ಹಾಕುವುದಾದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 80ರ ನೋಟಿಸ್ ಅನ್ನು ಸರ್ಕಾರಕ್ಕೆ ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ಹಾಕಬಹುದು. ಕಾಯುವ ಆ ಎರಡು ತಿಂಗಳು ದಾವೆ ಹಾಕಲು ಇರುವ ಕಾಲಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ.